ಮನೆಯ ಇಂಕ್‌ಜೆಟ್‌ನಲ್ಲಿ ಆಲ್ಬುಮೆನ್, ಸಯನೋಟೈಪ್, ಪ್ಲಾಟಿನಂ: ನಾವು ಅನುಕರಿಸುವುದು ಕ್ರಮವನ್ನೋ, ಅದರ ಮುಪ್ಪನ್ನೋ?

ಹಳೆಚೌಕಟ್ಟು, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ನಡುಮನೆಯ ಗೋಡೆಯ ಮೇಲೆ ಮುತ್ತಜ್ಜನ ಭಾವಚಿತ್ರವೊಂದು ನಾನು ಹುಟ್ಟುವ ಮೊದಲಿನಿಂದಲೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳದ್ದೆಂದು ಮನೆಯ ಹಿರಿಯರು ಹೇಳುತ್ತಾರೆ. ಕಳೆದ ತಿಂಗಳು ಚೌಕಟ್ಟಿನ ಹಿಂಬದಿಯ ಹಲಗೆಗೆ ಗೆದ್ದಲು ಹತ್ತಿದ್ದು ಕಂಡು ಅದನ್ನು ಬಿಚ್ಚಿ, ಚಿತ್ರವನ್ನು ಹೊರತೆಗೆದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಇಟ್ಟು ನೋಡಿದೆ. ಕಾಗದ ತೀರ ತೆಳುವಾದದ್ದು, ಅದನ್ನು ದಪ್ಪ ರಟ್ಟಿಗೆ ಅಂಟಿಸಲಾಗಿದೆ. ಮೇಲ್ಮೈಯಲ್ಲಿ ತುಸು ಹೊಳಪಿದೆ, ಆ ಹೊಳಪಿನ ಪದರದಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ಬಿರುಕುಗಳಿವೆ, ಅವುಗಳ ಕೆಳಗೆ ಕಾಗದದ ನಾರು ಸ್ಪಷ್ಟವಾಗಿ ಕಾಣುತ್ತದೆ. ಇದು ಆಲ್ಬುಮೆನ್ ಮುದ್ರಣ, ಅಂದರೆ ಮೊಟ್ಟೆಯ ಬಿಳಿಯನ್ನು ಲೇಪಿಸಿದ ಕಾಗದದ ಮೇಲೆ ಮೂಡಿಸಿದ ಚಿತ್ರ, ಎಂದು ನನಗೆ ಖಚಿತವಾಯಿತು.

ನನ್ನನ್ನು ಬರೆಯಲು ಕೂರಿಸಿದ್ದು ಮಾತ್ರ ಇನ್ನೊಂದು ಸಂಗತಿ. ಚೌಕಟ್ಟಿನ ಒಳಪಟ್ಟಿಯ ಅಡಿಯಲ್ಲಿ, ಬೆಳಕೂ ಗಾಳಿಯೂ ಅಷ್ಟಾಗಿ ತಾಗದೆ ಉಳಿದಿದ್ದ ಬೆರಳಗಲದ ಅಂಚು, ನೇರಳೆ ಹಣ್ಣಿನ ಸಿಪ್ಪೆಯನ್ನು ನೆನಪಿಸುವ ಗಾಢವಾದ ಕಂದು ಬಣ್ಣದಲ್ಲಿತ್ತು. ಉಳಿದ ಚಿತ್ರವೆಲ್ಲ ನಮಗೆ ಪರಿಚಿತವಾದ, ಸಪ್ಪೆ ಚಹಾದ ಹಳದಿಯಲ್ಲಿತ್ತು. ಎರಡು ವರ್ಷಗಳ ಹಿಂದೆ ನಾನು ಇದೇ ಚಿತ್ರವನ್ನು ಸ್ಕ್ಯಾನ್ ಮಾಡಿ, ಸೆಪಿಯಾ ಫಿಲ್ಟರ್ ಹಾಕಿ, ಮನೆಯ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಗ್ಲಾಸಿ ಕಾಗದದ ಮೇಲೆ ಮುದ್ರಿಸಿ ಬಂಧುಗಳಿಗೆಲ್ಲ ಹಂಚಿದ್ದೆ. ಆ ಪ್ರತಿಯೊಂದನ್ನು ಈ ಅಂಚಿನ ಪಕ್ಕದಲ್ಲಿಟ್ಟಾಗ, ನಾನು ನಕಲು ಮಾಡಿದ್ದು ಚಿತ್ರದ ಕಾಯಿಲೆಯನ್ನೇ ಹೊರತು ಚಿತ್ರವನ್ನಲ್ಲ ಎಂದು ಬಹಳ ನೋವಾಯಿತು. ಮುತ್ತಜ್ಜ ಸ್ಟುಡಿಯೋದಿಂದ ಮನೆಗೆ ತಂದ ದಿನ ಆ ಚಿತ್ರ ಹೇಗಿತ್ತೋ ಹಾಗೆ ಅದನ್ನು ಮುದ್ರಿಸಲು ಮನೆಯಲ್ಲಿ ಸಾಧ್ಯವೇ? ಹಾಗೆಯೇ, ನಾನು ಬೇಲೂರು, ಹಳೆಬೀಡು, ಸೋಮನಾಥಪುರಗಳಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಆ ಕಾಲದ ಮುದ್ರಣಗಳ ಗುಣದಲ್ಲಿ ಮೂಡಿಸಬೇಕಾದರೆ ಎಲ್ಲಿಂದ ಆರಂಭಿಸಬೇಕು? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಬೆಳಕುಗನ್ನಡಿ, ಬೆಂಗಳೂರು

ಹಳೆಚೌಕಟ್ಟು ಅವರೇ, ಆ ಅಂಚನ್ನು ಜೋಪಾನ ಮಾಡಿ. ನಿಮ್ಮ ಮನೆಯಲ್ಲಿರುವ ಅತ್ಯುತ್ತಮ ಬಣ್ಣದ ಮಾದರಿ ಅದೇ. ಲೂಯಿ ದೇಸಿರೆ ಬ್ಲಾಂಕಾರ್-ಎವ್ರಾರ್ 1850ರಲ್ಲಿ ಪ್ರಕಟಿಸಿದ ಆಲ್ಬುಮೆನ್ ಕ್ರಮ ಮುಂದಿನ ನಾಲ್ಕು ದಶಕಗಳ ಕಾಲ ಜಗತ್ತಿನ ಛಾಯಾಚಿತ್ರ ಮುದ್ರಣವನ್ನೆಲ್ಲ ಆಳಿತು. ಉಪ್ಪು ಬೆರೆಸಿದ ಮೊಟ್ಟೆಯ ಬಿಳಿಯನ್ನು ತೆಳುವಾದ ಕಾಗದಕ್ಕೆ ಲೇಪಿಸಿ ಒಣಗಿಸಿ, ಬಳಿಕ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸಿ, ನೆಗೆಟಿವ್‌ನಡಿ ಬಿಸಿಲಿಗಿಟ್ಟು, ಚಿನ್ನದ ಕ್ಲೋರೈಡ್‌ನಲ್ಲಿ ಟೋನ್ ಮಾಡಿ, ಅಂದರೆ ಚಿತ್ರದ ಬಣ್ಣ ಬದಲಿಸಿ, ಹೈಪೋ ಎಂಬ ರಾಸಾಯನಿಕದಲ್ಲಿ ಸ್ಥಿರಗೊಳಿಸುತ್ತಿದ್ದರು. ನೀವು ಕಂಡ ನೇರಳೆ ಮಿಶ್ರಿತ ಕಂದು ಆ ಚಿನ್ನದ ಟೋನಿಂಗ್‌ನದು. ಹಳದಿ ಆಮೇಲೆ ಬಂದದ್ದು.

ನಮ್ಮ ಬಹುಪಾಲು ಫೋನ್ ಆ್ಯಪ್‌ಗಳು ಮತ್ತು ಫಿಲ್ಟರ್‌ಗಳು ಈ ವ್ಯತ್ಯಾಸವನ್ನೇ ಗಮನಿಸಿಲ್ಲ. ಹಳದಿ, ಕಲೆ, ಗೀರು, ಮೂಲೆಗಳಲ್ಲಿ ಮಬ್ಬು, ಇವಿಷ್ಟು ಇದ್ದರೆ ಹಳೆಯ ಚಿತ್ರವಾಯಿತೆಂದು ಅವು ತಿಳಿಯುತ್ತವೆ. ಅದರ ಜೊತೆಗೆ ಚಿತ್ರದ ನಾಲ್ಕೂ ಕಡೆ ಕುಂಚದ ಗೆರೆಗಳನ್ನು ಎಳೆದುಬಿಡುತ್ತವೆ. ಆಲ್ಬುಮೆನ್ ಕಾಗದವನ್ನು ದ್ರಾವಣದ ಮೇಲೆ ತೇಲಿಸುತ್ತಿದ್ದರು ಎಂದೆನಲ್ಲ, ತೇಲಿಸಿದ ಕಾಗದಕ್ಕೆ ಕುಂಚದ ಗೆರೆ ಎಲ್ಲಿಂದ ಬರಬೇಕು? ಮೇಲಾಗಿ ಆ ಕಾಲದ ಮುದ್ರಕರು ಅಂಚನ್ನು ನೀಟಾಗಿ ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದರು. ಲೇಪದ ಒರಟು ಅಂಚನ್ನು ಬೇಕೆಂದೇ ತೋರಿಸುವುದು ನಮ್ಮ ಕಾಲದ ಅಭಿರುಚಿ. ಆದ್ದರಿಂದ ನನ್ನ ಮೊದಲ ವಿನಂತಿ ಏನೆಂದರೆ, ಕಲೆ, ಗೀರು, ಕುಂಚದಂಚು ಈ ಮೂರನ್ನೂ ಬಿಟ್ಟುಬಿಡಿ.

ಇನ್ನು ನಿಮ್ಮ ಹಳೆಬೀಡಿನ ಚಿತ್ರಗಳ ವಿಷಯ. ಅಲ್ಲಿ ಅನುಕರಣೆ ಪ್ರಿಂಟರ್‌ಗಿಂತ ಬಹಳ ಮುಂಚೆ, ನೆಗೆಟಿವ್‌ನಲ್ಲೇ ಆರಂಭವಾಗಬೇಕು. ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೋಟೈಪ್ ಎಂಬ ಕಾಗದದ ನೆಗೆಟಿವ್ ಆಗಲಿ, ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಕೊಲೋಡಿಯನ್ ಗಾಜಿನ ಫಲಕವಾಗಲಿ, ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕನ್ನು ಮಾತ್ರ ಕಾಣಬಲ್ಲವು, ಕೆಂಪು ಅವಕ್ಕೆ ಕತ್ತಲೆಗೆ ಸಮ. ಬಣ್ಣದ ಫೋಟೋವನ್ನು ಕಪ್ಪುಬಿಳುಪಿಗೆ ತರುವಾಗ ಚಾನೆಲ್ ಮಿಕ್ಸರ್‌ನಲ್ಲಿ ಕೆಂಪು ಮತ್ತು ಹಸಿರನ್ನು ಸೊನ್ನೆ ಮಾಡಿ ನೀಲಿಯನ್ನಷ್ಟೇ ಉಳಿಸಿ ನೋಡಿ. ನಾನು ನಮ್ಮ ಅತ್ತಿಗೆಯ ಚಿತ್ರವೊಂದರಲ್ಲಿ ಹೀಗೆ ಮಾಡಿದಾಗ ಹಣೆಯ ಕುಂಕುಮ ಇದ್ದಿಲಿನ ಬೊಟ್ಟಿನಂತೆ ಕಪ್ಪಾಯಿತು, ಕೆನ್ನೆಯ ಅರಿಸಿನ ಕಂದು ನೆರಳಾಯಿತು, ಗಾಢ ನೀಲಿ ಸೀರೆ ತೊಳೆದ ಪಂಚೆಯಷ್ಟು ಬಿಳಿಯಾಯಿತು. ಆ ಕ್ಷಣದಲ್ಲಿ ಚಿತ್ರ ನೂರೈವತ್ತು ವರ್ಷ ಹಿಂದೆ ಸರಿದಂತೆ ಕಂಡಿತು, ಇನ್ನೂ ಯಾವ ಬಣ್ಣವನ್ನೂ ಸೇರಿಸಿರಲಿಲ್ಲ. ಆಕಾಶವೂ ತಾನಾಗಿಯೇ ಬರಿಯ ಬಿಳಿಯಾಗುತ್ತದೆ. ಅದನ್ನು ಹಾಗೆಯೇ ಬಿಡಿ. ಒಂದು ಎಚ್ಚರಿಕೆ: ಡಿಜಿಟಲ್ ಕ್ಯಾಮೆರಾದ ನೀಲಿ ಚಾನೆಲ್‌ನಲ್ಲಿ ಕಾಳು ಹೆಚ್ಚು, ಜೆಪೆಗ್ ಕಡತದಲ್ಲಂತೂ ಚೌಕಚೌಕವಾಗಿ ಒಡೆದು ಕಾಣುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತದಿಂದಲೇ ಹೊರಡಿ.

ಎರಡನೆಯದು ಕರ್ವ್, ಅಂದರೆ ಚಿತ್ರದ ಕಪ್ಪು, ಬೂದು, ಬಿಳಿಗಳನ್ನು ಏರಿಳಿಸಲು ತಂತ್ರಾಂಶದಲ್ಲಿರುವ ಗೆರೆ. ಸಾಲ್ಟ್ (ಮೊಟ್ಟೆಯ ಲೇಪವಿಲ್ಲದೆ, ಉಪ್ಪು ಮತ್ತು ಬೆಳ್ಳಿಯ ದ್ರಾವಣಗಳನ್ನಷ್ಟೇ ಹಚ್ಚಿದ) ಮತ್ತು ಆಲ್ಬುಮೆನ್ ಕಾಗದಗಳಲ್ಲಿ ಚಿತ್ರ ಬಿಸಿಲಿನಲ್ಲಿರುವಾಗಲೇ ಕಣ್ಣೆದುರು ಮೂಡುತ್ತದೆ. ನೆರಳಿನ ಭಾಗ ಮೊದಲು ಕಪ್ಪಾಗಿ, ಆ ಕಪ್ಪೇ ತನ್ನ ಕೆಳಗಿನ ಬೆಳ್ಳಿಗೆ ಕೊಡೆ ಹಿಡಿದಂತಾಗುತ್ತದೆ, ಹಾಗಾಗಿ ಅದು ಇನ್ನಷ್ಟು ಕಪ್ಪಾಗುವುದು ನಿಧಾನವಾಗುತ್ತಾ ಹೋಗುತ್ತದೆ. ಈ ಗುಣದಿಂದಾಗಿ ನೆರಳಿನೊಳಗಿನ ವಿವರಗಳು ಒಟ್ಟಿಗೆ ಒತ್ತಿಕೊಂಡರೂ ಮುಚ್ಚಿಹೋಗುವುದಿಲ್ಲ, ಬೆಳಕಿನ ಭಾಗದಲ್ಲಿ ನಯವಾದ ಇಳಿಜಾರು ಸಿಗುತ್ತದೆ. ಆದ್ದರಿಂದ ಕರ್ವ್‌ನ ಕೆಳತುದಿಯನ್ನು ತುಸು ಮೇಲಕ್ಕೆತ್ತಿ, ನೆರಳಿನ ಭಾಗವನ್ನು ಚಪ್ಪಟೆಯಾಗಿಸಿ, ನಡುವಿನಿಂದ ಮೇಲೆ ಮೆಲ್ಲಗೆ ಏರಿಸಬೇಕು. ಸಾಮಾನ್ಯ ಫಿಲ್ಟರ್‌ಗಳು ಇದಕ್ಕೆ ತದ್ವಿರುದ್ಧವಾಗಿ ನೆರಳನ್ನು ಕಡುಗಪ್ಪಿಗೆ ಇಳಿಸುತ್ತವೆ.

ಮೂರನೆಯದು ಕಾಗದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಂಗಡಿಯಲ್ಲಿ ಸಿಗುವ ಫೋಟೋ ಕಾಗದಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ, ಅಂದರೆ ಆಪ್ಟಿಕಲ್ ಬ್ರೈಟ್ನರ್, ಬೆರೆತಿರುತ್ತದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಟ್ಟು ನೋಡಿ: ಅಂತಹ ಕಾಗದ ನೀಲಿಯಾಗಿ ಹೊಳೆಯುತ್ತದೆ, ನಿಮ್ಮ ಮುತ್ತಜ್ಜನ ಚಿತ್ರ ಹೊಳೆಯುವುದಿಲ್ಲ. ಬ್ರೈಟ್ನರ್ ಇಲ್ಲದ ಹತ್ತಿಯ ಇಂಕ್‌ಜೆಟ್ ಕಾಗದಗಳು ದುಬಾರಿಯಾದರೂ ನಾಲ್ಕೈದು ಹಾಳೆ ಕೊಂಡು ಪ್ರಯತ್ನಿಸಿ. ಆ ಕಾಗದದ ಸಹಜ ಕೆನೆಬಣ್ಣ ಬಂದರೆ ಫೈಲ್‌ನಲ್ಲಿ ಹಳದಿ ತುಂಬುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ನೀಲಿಬಿಸಿಲು, ಬಳ್ಳಾರಿ

ಮೇಲಿನ ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಮೂಲಭೂತ ಪ್ರಶ್ನೆಯನ್ನು ಕೇಳದೆ ಇರಲಾರೆ. ಪ್ರಿಂಟರ್ ಮನೆಯಲ್ಲಿದೆ, ಬಿಸಿಲು ಅಂಗಳದಲ್ಲಿದೆ ಎಂದಾದ ಮೇಲೆ ಅನುಕರಣೆ ಏಕೆ, ಆ ಕ್ರಮವನ್ನೇ ಏಕೆ ಮಾಡಬಾರದು? ಸರ್ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್‌ಗೆ ಬೇಕಾಗಿರುವುದು ಎರಡೇ ರಾಸಾಯನಿಕ. ನೂರು ಮಿಲಿಲೀಟರ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಸೀಸೆಯಲ್ಲಿ, ನೂರು ಮಿಲಿಲೀಟರ್‌ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದರಲ್ಲಿ. ಬಳಸುವ ಹೊತ್ತಿಗೆ ಸಮಸಮವಾಗಿ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಹಚ್ಚಿ, ಕತ್ತಲಲ್ಲಿ ಒಣಗಿಸಿದರೆ ಸಾಕು. ಇಂಕ್‌ಜೆಟ್‌ಗೆಂದೇ ತಯಾರಾದ ಪಾರದರ್ಶಕ ಹಾಳೆಯ ಮೇಲೆ ನಿಮ್ಮ ಚಿತ್ರದ ನೆಗೆಟಿವ್ ಮುದ್ರಿಸಿ ಅದರ ಮೇಲಿಟ್ಟು, ಗಾಜು ಒತ್ತಿ, ನಮ್ಮೂರಿನ ಬೇಸಿಗೆಯ ಬಿಸಿಲಿಗೆ ಹತ್ತು ನಿಮಿಷ ಹಿಡಿದು, ನಲ್ಲಿಯ ನೀರಿನಲ್ಲಿ ತೊಳೆದರೆ ಪ್ರಷ್ಯನ್ ನೀಲಿಯಲ್ಲಿ ಚಿತ್ರ ನಿಲ್ಲುತ್ತದೆ. ಅನ್ನಾ ಆಟ್ಕಿನ್ಸ್ 1843ರಿಂದ ತಮ್ಮ ಪಾಚಿ ಸಂಗ್ರಹವನ್ನು ದಾಖಲಿಸಿದ್ದು ಇದರಲ್ಲೇ. ಇಂದಿಗೂ ನಾವು ಯೋಜನೆಗೆ ನೀಲನಕ್ಷೆ ಎನ್ನುವುದಕ್ಕೂ ಎಂಜಿನಿಯರುಗಳು ನಕ್ಷೆಯ ಪ್ರತಿ ತೆಗೆಯಲು ಇದೇ ಕ್ರಮ ಬಳಸುತ್ತಿದ್ದುದೇ ಕಾರಣ. ಪ್ರಿಂಟರ್ ಇಲ್ಲಿ ನೆಗೆಟಿವ್ ತಯಾರಿಸುವ ಸಹಾಯಕನಾಗಲಿ. ಕೊನೆಯ ಚಿತ್ರವನ್ನು ಬೆಳಕೇ ಬರೆಯಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಳಕುಗನ್ನಡಿ, ಬೆಂಗಳೂರು

ನೀಲಿಬಿಸಿಲು ಅವರೇ, ಸಯನೋಟೈಪ್‌ನ ಮಟ್ಟಿಗೆ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಎಲ್ಲ ಕ್ರಮಗಳೂ ಅಷ್ಟು ಸೌಮ್ಯವಾಗಿಲ್ಲ. ಸಾಲ್ಟ್, ಆಲ್ಬುಮೆನ್ ಎರಡಕ್ಕೂ ಸಿಲ್ವರ್ ನೈಟ್ರೇಟ್ ಬೇಕು. ಅದು ಚರ್ಮದ ಮೇಲೆ ಬಿದ್ದರೆ ವಾರಗಟ್ಟಲೆ ಹೋಗದ ಕಪ್ಪು ಕಲೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅಂಟಿಗೆ ಬಣ್ಣ ಬೆರೆಸಿ ಮಾಡುವ ಗಮ್ ಮುದ್ರಣಕ್ಕೆ ಬೇಕಾದ ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಸಿಂಕ್ ಒಂದನ್ನೇ ನೆಚ್ಚಿಕೊಂಡು, ಚಿಕ್ಕ ಮಕ್ಕಳ ನಡುವೆ ಇವನ್ನು ಮಾಡಿ ಎಂದು ನಾನು ಯಾರಿಗೂ ಹೇಳಲಾರೆ. ಪ್ಲಾಟಿನಂ ಲೋಹದ ಬೆಲೆಯಂತೂ ಎಲ್ಲರಿಗೂ ತಿಳಿದದ್ದೇ.

ಆದರೂ ನಿಮ್ಮ ಸಲಹೆಯಿಂದ ಅನುಕರಣೆ ಮಾಡುವವರಿಗೂ ದೊಡ್ಡ ಉಪಕಾರವಿದೆ. ಒಂದಾದರೂ ನಿಜವಾದ ಸಯನೋಟೈಪ್ ಮಾಡಿ ಕೈಯಲ್ಲಿ ಹಿಡಿಯದೆ ಅದರ ನೀಲಿಯನ್ನು ಪ್ರಿಂಟರ್‌ನಲ್ಲಿ ತರಲು ಹೊರಟವರು ಸೋಲುತ್ತಾರೆ, ನಾನೂ ಸೋತಿದ್ದೇನೆ. ಮೊದಲು ನಾನು ಕಪ್ಪುಬಿಳುಪು ಚಿತ್ರದ ಮೇಲೆ ಒಂದೇ ನೀಲಿ ಬಣ್ಣದ ಪದರ ಹೊದಿಸಿದೆ. ಪರದೆಯಲ್ಲಿ ಚೆನ್ನಾಗಿತ್ತು, ಕಾಗದದಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮ್ಯಾಟ್ ಕಾಗದದ ಮೇಲೆ ಗಾಢ ನೀಲಿ ನೇರಳೆಯತ್ತ ವಾಲುವುದು ಇಂಕ್‌ಜೆಟ್‌ಗಳ ಸಾಮಾನ್ಯ ತೊಂದರೆ. ಆಮೇಲೆ ಒಂದು ನಿಜವಾದ ಪಟ್ಟಿಯನ್ನು ಮಾಡಿ, ಕಿಟಕಿಯ ಬಳಿ ಪಕ್ಕದಲ್ಲಿಟ್ಟುಕೊಂಡು, ಗಿಂಪ್ ತಂತ್ರಾಂಶದ ಗ್ರೇಡಿಯೆಂಟ್ ಮ್ಯಾಪ್‌ನಲ್ಲಿ ನೆರಳಿಗೆ ಕಪ್ಪಿಗೆ ಹತ್ತಿರವಾದ ನೀಲಿ, ನಡುವಿಗೆ ಹೆಚ್ಚು ತುಂಬಿದ ನೀಲಿ, ಬೆಳಕಿಗೆ ತುಸು ಹಸಿರು ಬೆರೆತ ತೆಳುನೀಲಿ, ಕೊನೆಗೆ ಬರಿಯ ಕಾಗದ, ಹೀಗೆ ನಾಲ್ಕು ಹಂತ ಕೊಟ್ಟೆ. ಪರದೆಯ ಮೇಲೆ ಹಸಿರಾಯಿತೇನೋ ಎನಿಸುವಷ್ಟು ಸಯಾನ್ ಕಡೆಗೆ ಸರಿಸಿದಾಗ ಕಾಗದದಲ್ಲಿ ಸರಿಯಾದ ನೀಲಿ ಬಂತು. ಸಣ್ಣ ಚೌಕಗಳ ಪರೀಕ್ಷಾ ಹಾಳೆಯನ್ನು ಐದು ಸಲ ಮುದ್ರಿಸಬೇಕಾಯಿತು.

ಕಡಲತಡಿ, ಮಂಗಳೂರು

ಕಾಗದದ ಬಗ್ಗೆ ಕರಾವಳಿಯವರ ಅನುಭವವನ್ನೂ ಸೇರಿಸುತ್ತೇನೆ. ಹುಬ್ಬಳ್ಳಿ ಬಳಿಯ ತಾರಿಹಾಳದಲ್ಲಿ ಹತ್ತಿಯ ಚಿಂದಿಯಿಂದ ತಯಾರಾಗುವ ಕೈಕಾಗದದ ಮೇಲೆ ನಾನು ಸಾಲ್ಟ್ ಮುದ್ರಣದ ಅನುಕರಣೆ ಮಾಡಲು ಪ್ರಯತ್ನಿಸಿದ್ದೇನೆ. ಸಾಲ್ಟ್ ಮುದ್ರಣದಲ್ಲಿ ಚಿತ್ರ ಯಾವ ಲೇಪದಲ್ಲೂ ಇರದೆ ಕಾಗದದ ನಾರಿನೊಳಗೇ ಇರುವುದರಿಂದ, ಹೊಳಪಿಲ್ಲದ ಈ ಕಾಗದ ನೋಟಕ್ಕೂ ಸ್ಪರ್ಶಕ್ಕೂ ಬಹಳ ಹತ್ತಿರವಾಗಿದೆ. ತೊಡಕು ಏನೆಂದರೆ ಅದಕ್ಕೆ ಇಂಕ್‌ಜೆಟ್ ಲೇಪವಿಲ್ಲ. ಶಾಯಿ ಆಳಕ್ಕಿಳಿದು ಚಿತ್ರ ಬೂದಿ ಬಳಿದಂತೆ ಕಳೆಗುಂದುತ್ತದೆ. ಇಂಕ್‌ಜೆಟ್‌ಗೆಂದೇ ಮಾರುವ ಲೇಪದ್ರಾವಣವನ್ನು ಅಗಲವಾದ ಕುಂಚದಲ್ಲಿ ಎರಡು ಸಲ, ಮೊದಲು ಉದ್ದಕ್ಕೆ, ಒಣಗಿದ ಮೇಲೆ ಅಡ್ಡಕ್ಕೆ, ಹಚ್ಚಿದ ಬಳಿಕ ಕಪ್ಪು ತಕ್ಕಮಟ್ಟಿಗೆ ಮೇಲೆ ನಿಂತಿತು.

ಇಂತಹ ಕಾಗದದ ನಾಲ್ಕೂ ಅಂಚಿನ ಜೂಲನ್ನು ಕತ್ತರಿಸದೆ ಪ್ರಿಂಟರ್‌ಗೆ ಕೊಡಬೇಡಿ. ಮಳೆಗಾಲದ ಒಂದು ಸಂಜೆ ನಾನು ಅಂಚಿನ ಅಂದಕ್ಕೆ ಮರುಳಾಗಿ ಹಾಗೆಯೇ ಕೊಟ್ಟೆ. ತೇವಕ್ಕೆ ಉಬ್ಬಿದ್ದ ಹಾಳೆಯ ಮೂಲೆ ಮೇಲಕ್ಕೆದ್ದು ಪ್ರಿಂಟ್ ಹೆಡ್‌ಗೆ ತಾಗಿ, ಬಿಡಿಸಿದ ನಾರು ಅದರಡಿ ಸಿಕ್ಕಿಕೊಂಡು, ಮುಂದಿನ ಹತ್ತು ಹಾಳೆಗಳ ಮೇಲೆ ಕಪ್ಪು ಗೆರೆ ಎಳೆಯಿತು. ದುರಸ್ತಿಗೆ ಒಯ್ದ ಅಂಗಡಿಯವರು ಹೆಡ್ ಬದಲಾಯಿಸಬೇಕೆಂದರು. ಒಂದು ವಾರ ಬಿಟ್ಟು, ಕ್ಲೀನಿಂಗ್ ದ್ರಾವಣದಲ್ಲಿ ಅದ್ದಿದ ಬಟ್ಟೆಯ ಮೇಲೆ ಹೆಡ್ಡನ್ನು ರಾತ್ರಿಯಿಡೀ ನಿಲ್ಲಿಸಿದ ಮೇಲೆ ಅದೃಷ್ಟವಶಾತ್ ಸರಿಹೋಯಿತು. ಅಂದಿನಿಂದ ಕಾಗದವನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡುತ್ತೇನೆ, ಮುದ್ರಿಸುವ ಮೊದಲು ಮೆತ್ತನೆಯ ಕುಂಚದಿಂದ ಧೂಳು ಕೊಡವುತ್ತೇನೆ, ಹಿಂಬದಿಯ ನೇರ ದಾರಿಯಿಂದ ಒಂದೊಂದೇ ಹಾಳೆ ಕೊಡುತ್ತೇನೆ, ಡ್ರೈವರ್‌ನಲ್ಲಿ ದಪ್ಪ ಕಾಗದ ಎಂದು ಆರಿಸುತ್ತೇನೆ.

ಇನ್ನೊಂದು ಮಾತು. ಕಾಗದವನ್ನು ಚಹಾದಲ್ಲಿ ಅದ್ದುವ ಸಲಹೆ ಎಲ್ಲ ಕಡೆ ಹರಿದಾಡುತ್ತಿದೆ. ಮುದ್ರಿಸುವ ಮೊದಲು ಅದ್ದಿದರೆ ಲೇಪ ಹಾಳಾಗುತ್ತದೆ, ಮುದ್ರಿಸಿದ ಮೇಲೆ ಅದ್ದಿದರೆ ನೀರಿನಲ್ಲಿ ಕರಗುವ ಡೈ ಶಾಯಿ ಹರಿದುಹೋಗುತ್ತದೆ. ಚಹಾದ ಟೋನಿಂಗ್ ನಿಜವಾದ ಸಯನೋಟೈಪ್‌ಗೆ ಸಲ್ಲುವ ಕ್ರಮ, ಏಕೆಂದರೆ ಅಲ್ಲಿ ಚಹಾದ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಬಣ್ಣ ಬದಲಿಸುತ್ತದೆ. ಇಂಕ್‌ಜೆಟ್ ಚಿತ್ರದಲ್ಲಿ ಕೂಡಲು ಕಬ್ಬಿಣವೇ ಇಲ್ಲ.

ಬಿಡುವಿನಛಾಯೆ, ಧಾರವಾಡ

ನಾನು ವಿದ್ಯಾರ್ಥಿನಿ, ಈ ಚರ್ಚೆಯಿಂದ ಬಹಳ ಕಲಿಯುತ್ತಿದ್ದೇನೆ. ಗಾಜಿನ ಮೇಲೆ ಮೂಡಿಸಿ ಹಿಂದೆ ಕಪ್ಪಿಟ್ಟು ನೋಡುವ ಆಂಬ್ರೋಟೈಪ್‌ಗಳೆಂದರೆ ನನಗೆ ತುಂಬ ಇಷ್ಟ. ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್ ಮುದ್ರಿಸಿ ಹಿಂದೆ ಕಪ್ಪು ಬಟ್ಟೆ ಇಟ್ಟೆ, ಏನೂ ಕಾಣಲಿಲ್ಲ. ತಪ್ಪು ಎಲ್ಲಾಗಿರಬಹುದು, ಸರ್?

ಬೆಳಕುಗನ್ನಡಿ, ಬೆಂಗಳೂರು

ತಪ್ಪು ನಿಮ್ಮದಲ್ಲಮ್ಮ, ಅದು ಶಾಯಿಯ ಮಿತಿ. ಆಂಬ್ರೋಟೈಪ್‌ನಲ್ಲಿ ಚಿತ್ರವನ್ನು ಕಟ್ಟಿರುವ ಬೆಳ್ಳಿ ತಾನೇ ಕೆನೆಬಣ್ಣದ್ದು. ಹಿಂದೆ ಕಪ್ಪು ಬಂದಾಗ ಬೆಳ್ಳಿ ಇರುವಲ್ಲಿ ಬೆಳಕು, ಇಲ್ಲದಲ್ಲಿ ಕತ್ತಲು ಕಾಣುತ್ತದೆ. ಮನೆಯ ಪ್ರಿಂಟರ್‌ನ ಶಾಯಿ ಬೆಳಕನ್ನು ಹೀರಬಲ್ಲದೇ ಹೊರತು ಮರಳಿಸಲಾರದು, ಬಿಳಿಯನ್ನೆಲ್ಲ ಅದು ಕಾಗದದಿಂದ ಸಾಲ ಪಡೆಯುತ್ತದೆ. ಬಿಳಿ ಶಾಯಿ ಇರುವ ದೊಡ್ಡ ಯಂತ್ರಗಳಿಲ್ಲದೆ ಇದು ಆಗದು. ಬದಲಿಗೆ ಓರೋಟೋನ್ ಪ್ರಯತ್ನಿಸಿ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್ ಗಾಜಿನ ಮೇಲಿನ ಪಾಸಿಟಿವ್ ಚಿತ್ರದ ಹಿಂದೆ ಚಿನ್ನದ ಬಣ್ಣದ ಲೋಹದ ಪುಡಿ ಬಳಿದು ಇದನ್ನು ಮಾಡುತ್ತಿದ್ದರು. ಪಾರದರ್ಶಕ ಹಾಳೆಯಲ್ಲಿ ತುಸು ತೆಳುವಾಗಿ ಪಾಸಿಟಿವ್ ಮುದ್ರಿಸಿ, ಒಂದು ರಟ್ಟಿಗೆ ಚಿನ್ನದ ಹಾಳೆ ಹಚ್ಚಿ ಅದರ ಮೇಲಿಡಿ. ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ಬಂಗಾರದ ರೇಕು ಒದಗಿಸುವವರ ಬಳಿಯೇ ಆ ಹಾಳೆ ಸಿಗುತ್ತದೆ. ಇಲ್ಲಿ ಬೆಳಕನ್ನು ಮರಳಿಸುವ ಕೆಲಸ ಲೋಹದ್ದು, ಆದ್ದರಿಂದ ಶಾಯಿಗೆ ತನ್ನ ಮಿತಿಯನ್ನು ಮೀರಬೇಕಾಗಿಲ್ಲ.

ದೂರದೂರು, ಲಂಡನ್

ಹಳೆಬೀಡಿನ ಹೆಸರು ಕಂಡದ್ದರಿಂದ ಬರೆಯುತ್ತಿದ್ದೇನೆ. ಲೀನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ 1854ರ ಡಿಸೆಂಬರ್‌ನಲ್ಲಿ ಡಾಕ್ಟರ್ ನೀಲ್ ಜೊತೆಗೂಡಿ ಹಳೆಬೀಡು, ಬೇಲೂರುಗಳಲ್ಲಿ ತೆಗೆದ ಛಾಯಾಚಿತ್ರಗಳು ಮರುವರ್ಷ ಮದರಾಸಿನ ಪ್ರದರ್ಶನದಲ್ಲಿದ್ದವು. ಟ್ರೈಪ್ ಅವರ ಕೆಲಸದ ದೊಡ್ಡ ಪ್ರದರ್ಶನವೊಂದು 2015ರಲ್ಲಿ ಇಲ್ಲಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ನಡೆದಾಗ ನಾನು ಎರಡು ಬಾರಿ ಹೋಗಿ ನೋಡಿದೆ. ಅವರು ಬಳಸುತ್ತಿದ್ದದ್ದು ಮೇಣ ಹಾಕಿದ ಕಾಗದದ ನೆಗೆಟಿವ್. ಕಲ್ಲಿನ ವಿವರಗಳು ಸ್ಪಷ್ಟವಾಗಿದ್ದರೂ ಗಾಜಿನ ನೆಗೆಟಿವ್‌ನ ಚೂಪು ಅದಕ್ಕಿಲ್ಲ, ಕಾಗದದ ನಾರಿನ ಮೂಲಕ ಸೋಸಿ ಬಂದ ಮೃದುತ್ವವಿದೆ. ಸೋಮನಾಥಪುರದ ಚಿತ್ರವನ್ನು ಆ ಬಗೆಯಲ್ಲಿ ಮೂಡಿಸಬೇಕಾದರೆ ತಂತ್ರಾಂಶದಲ್ಲಿ ಶಾರ್ಪನಿಂಗ್ ಪೂರ್ತಿ ತೆಗೆದು, ಬರಿಯ ತೆಳುಕಾಗದವೊಂದನ್ನು ಕಿಟಕಿಗೆ ಒತ್ತಿ ಫೋಟೋ ತೆಗೆದು, ಆ ನಾರಿನ ವಿನ್ಯಾಸವನ್ನು ಚಿತ್ರದ ಮೇಲೆ ಶೇಕಡಾ ಐದು ಹತ್ತರಷ್ಟು ಹದವಾಗಿ ಬೆರೆಸಿ ನೋಡಿ. ಬಿಳಿ ಆಕಾಶದ ಬಗ್ಗೆ ಮೇಲೆ ಹೇಳಿದ್ದಕ್ಕೆ ಒಂದು ಸೇರ್ಪಡೆ: ಟ್ರೈಪ್ ಅವರೇ ಕೆಲವು ನೆಗೆಟಿವ್‌ಗಳ ಮೇಲೆ ಬಣ್ಣದಿಂದ ಮೋಡಗಳನ್ನು ಬರೆದಿದ್ದಾರೆ. ಆದ್ದರಿಂದ ಕೈಯಿಂದ ಬರೆದ ಮೋಡ ಆ ಕಾಲಕ್ಕೆ ಹೊರತಾದದ್ದಲ್ಲ.

ಪ್ಲಾಟಿನಂ ಬಗ್ಗೆ ಯಾರೂ ವಿವರವಾಗಿ ಬರೆಯದ ಕಾರಣ ಕೆಲವು ಮಾತು. ಬೆಳ್ಳಿಯ ಬದಲು ಪ್ಲಾಟಿನಂ ಲೋಹದಿಂದ ಚಿತ್ರ ಮೂಡಿಸುವ, ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದ ಈ ಕ್ರಮದ ಸೊಗಸು ಕಡುಗಪ್ಪಿನಲ್ಲಿಲ್ಲ, ನಡುವಣ ಬೂದುಗಳ ದೀರ್ಘವಾದ ಸಾಲಿನಲ್ಲಿದೆ. ಹೊಳಪಿನ ಬೆಳ್ಳಿ ಕಾಗದದ ಕಪ್ಪು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಮರಳಿಸುತ್ತದೆ. ಪ್ಲಾಟಿನಂನ ಅತಿ ಗಾಢ ಭಾಗ ಹೆಚ್ಚುಕಡಿಮೆ ಇಪ್ಪತ್ತೈದರಲ್ಲಿ ಒಂದು ಪಾಲನ್ನು ಮರಳಿಸುತ್ತದೆ. ಒಳ್ಳೆಯ ಮ್ಯಾಟ್ ಕಾಗದದ ಮೇಲೆ ಇಂದಿನ ಪಿಗ್ಮೆಂಟ್ (ಕರಗದ ಬಣ್ಣದ ಕಣಗಳಿರುವ) ಶಾಯಿಯ ಕಪ್ಪು ಇದಕ್ಕಿಂತ ಗಾಢ. ಹಾಗಾಗಿ ಇಲ್ಲಿ ಪ್ರಿಂಟರ್ ತನ್ನ ಶಕ್ತಿಯನ್ನು ತಗ್ಗಿಸಿಕೊಳ್ಳಬೇಕಾಗುತ್ತದೆ. ನಾನು ಔಟ್‌ಪುಟ್ ಲೆವೆಲ್‌ನಲ್ಲಿ ಕಪ್ಪನ್ನು 0ಯಿಂದ 22ಕ್ಕೆ (0 ಕಡುಗಪ್ಪು, 255 ಬಿಳಿ) ಏರಿಸಿ ಮುದ್ರಿಸಿದ ದಿನ, ಅದುವರೆಗೆ ಪೋಸ್ಟರ್‌ನಂತೆ ಕಾಣುತ್ತಿದ್ದ ಚಿತ್ರಕ್ಕೆ ಮೊದಲ ಸಲ ಉಸಿರಾಡಲು ಜಾಗ ಸಿಕ್ಕಿತು.

ಕೊನೆಯದಾಗಿ ಒಂದು ಮನವಿ. ಮುದ್ರಣದ ಹಿಂದೆ ಪೆನ್ಸಿಲ್‌ನಲ್ಲಿ ಇಂಕ್‌ಜೆಟ್ ಎಂದೂ, ಮುದ್ರಿಸಿದ ವರ್ಷವನ್ನೂ ತಪ್ಪದೆ ಬರೆಯಿರಿ. ಅಮೆರಿಕದ ಛಾಯಾಗ್ರಾಹಕ ಲೂಯಿಸ್ ಹೈನ್ 1940ರಲ್ಲಿ ತೀರಿಕೊಂಡರು. ಅವರ ಕಾಲದ್ದೆಂದು ಮಾರಾಟವಾಗಿದ್ದ ಹಲವು ಮುದ್ರಣಗಳು 1990ರ ದಶಕದ ಕೊನೆಯಲ್ಲಿ ಅತಿನೇರಳೆ ಬೆಳಕಿನಡಿ ಹೊಳೆದವು. ಬ್ರೈಟ್ನರ್ ಬೆರೆತ ಫೋಟೋ ಕಾಗದ ಬಂದದ್ದು ಅವರ ಮರಣದ ಎಷ್ಟೋ ವರ್ಷಗಳ ನಂತರ. ನಾವು ಬ್ರೈಟ್ನರ್ ಇಲ್ಲದ ಕಾಗದವನ್ನು ಹುಡುಕಿ ಬಳಸುತ್ತಿದ್ದೇವೆ, ಹಾಗಾಗಿ ನಮ್ಮ ಮುದ್ರಣಗಳಿಗೆ ಆ ಪರೀಕ್ಷೆ ನಾಟುವುದಿಲ್ಲ. ಬರೆದಿಡುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ನೀಲಿಬಿಸಿಲು, ಬಳ್ಳಾರಿ

ದೂರದೂರು ಅವರ ಮನವಿಗೆ ನನ್ನ ಸಹಮತವಿದೆ. ಸಿಲ್ವರ್ ನೈಟ್ರೇಟ್, ಡೈಕ್ರೋಮೇಟ್ ಕುರಿತು ಬೆಳಕುಗನ್ನಡಿ ಅವರು ಹೇಳಿದ್ದೂ ಸರಿ, ಮಕ್ಕಳಿರುವ ಮನೆಯನ್ನು ನಾನು ಯೋಚಿಸಿರಲಿಲ್ಲ. ಸಯನೋಟೈಪ್‌ನ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ.

ಹಳೆಚೌಕಟ್ಟು, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೂರು ವಾರಗಳ ಕೆಲಸದ ವರದಿಯನ್ನು ಒಪ್ಪಿಸುತ್ತಿದ್ದೇನೆ.

ಮುತ್ತಜ್ಜನ ಚಿತ್ರವನ್ನು ಮತ್ತೆ ಸ್ಕ್ಯಾನ್ ಮಾಡಿ, ಹಳದಿ ಕಲೆಗಳಿಂದ ಬಿಡಿಸಿಕೊಂಡು ಕಪ್ಪುಬಿಳುಪಿಗೆ ತಂದು, ಮುಪ್ಪಿನಿಂದ ಕಳೆದುಹೋದ ಬೆಳಕಿನ ವಿವರಗಳಲ್ಲಿ ಉಳಿದಷ್ಟನ್ನು ಕರ್ವ್‌ನಿಂದ ಎತ್ತಿಕೊಂಡೆ. ಬಿಳಿಯ ರುಮಾಲಿನ ಮಡಿಕೆಗಳಲ್ಲಿ ಎರಡು ಪೂರ್ತಿ ಅಳಿಸಿಹೋಗಿವೆ, ಅವನ್ನು ನಾನಾಗಿ ಬರೆಯಲು ಮನಸ್ಸು ಒಪ್ಪಲಿಲ್ಲ. ಬಣ್ಣಕ್ಕೆ ಆ ಬೆರಳಗಲದ ಅಂಚನ್ನೇ ಮಾದರಿಯಾಗಿ ಇಟ್ಟುಕೊಂಡೆ. ಮೊದಲ ಪರೀಕ್ಷೆಯನ್ನು ರಾತ್ರಿ ಎಲ್‌ಇಡಿ ದೀಪದಡಿ ಹೊಂದಿಸಿ ಸಂತೋಷಪಟ್ಟು ಮಲಗಿದೆ. ಬೆಳಿಗ್ಗೆ ಹಜಾರದ ಬೆಳಕಿನಲ್ಲಿ ನೋಡಿದರೆ ಅಂಚು ನೇರಳೆಗಂದಾಗಿಯೇ ಇದೆ, ನನ್ನ ಮುದ್ರಣ ಮಾತ್ರ ಪಾಚಿಗಟ್ಟಿದಂತೆ ಹಸಿರಿಗೆ ತಿರುಗಿದೆ. ಬೆಳಕುಗನ್ನಡಿ ಅವರಿಗೆ ಫೋನ್ ಮಾಡಿದಾಗ ಕಾರಣ ತಿಳಿಯಿತು. ನನ್ನ ಆರು ಶಾಯಿಗಳಲ್ಲಿ ಬೂದು ಇಲ್ಲ, ಕಂದನ್ನು ಸಯಾನ್, ಮೆಜೆಂಟಾ, ಹಳದಿಗಳ ಬೆರಕೆಯಿಂದ ಕಟ್ಟಬೇಕು, ಆ ಬೆರಕೆ ಒಂದೊಂದು ದೀಪದಡಿ ಒಂದೊಂದು ಬಗೆಯಾಗಿ ಕಾಣುತ್ತದೆ. ಹಲವು ಬೂದು ಶಾಯಿಗಳಿರುವ ಪಿಗ್ಮೆಂಟ್ ಪ್ರಿಂಟರ್‌ಗಳಲ್ಲಿ, ಕಪ್ಪುಬಿಳುಪಿಗೆಂದೇ ಇರುವ ಮೋಡ್‌ನಲ್ಲಿ ಮುದ್ರಿಸಿದರೆ ಚಿತ್ರದ ಬಹುಭಾಗವನ್ನು ಆ ಬೂದುಗಳೇ ಹೊರುವುದರಿಂದ ಈ ಓಲಾಟ ಕಡಿಮೆಯಂತೆ. ಗೆಳೆಯರೊಬ್ಬರ ಬಳಿ ಅಂತಹ ಪ್ರಿಂಟರ್ ಇತ್ತು. ಅಲ್ಲಿ, ಹಗಲಿನಲ್ಲಿ, ಕಿಟಕಿಯ ಬಳಿ ಕುಳಿತು ಏಳನೆಯ ಹಾಳೆಯಲ್ಲಿ ಬಣ್ಣ ಕೂಡಿಸಿದೆ.

ಮೇಲ್ಮೈಯ ವಿಷಯದಲ್ಲಿ ಎರಡು ದಾರಿ ನೋಡಿದೆ. ಹೊಳಪಿನ ಬರೈಟಾ (ಬೇರಿಯಂ ಸಲ್ಫೇಟ್ ಲೇಪದ) ಕಾಗದ ಹೊಳಪಿನಲ್ಲಿ ಹತ್ತಿರವಿದ್ದರೂ ರೊಟ್ಟಿಯಷ್ಟು ದಪ್ಪ, ಅದರಲ್ಲಿ ನಾರು ಕಾಣುವುದೇ ಇಲ್ಲ. ಇಂಕ್‌ಜೆಟ್ ಲೇಪವಿರುವ ಜಪಾನಿನ ತೆಳುವಾದ ಕೋಜೋ ಕಾಗದದಲ್ಲಿ ನಾರು ಇದೆ, ಹೊಳಪಿಲ್ಲ. ಎರಡನೆಯದನ್ನೇ ಆರಿಸಿ, ಎರಡು ದಿನ ಒಣಗಲು ಬಿಟ್ಟು, ಮೈಕ್ರೋಕ್ರಿಸ್ಟ್ಲೈನ್ ಮೇಣವನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಬಟಾಣಿಯಷ್ಟು ತೆಗೆದುಕೊಂಡು ವೃತ್ತಾಕಾರವಾಗಿ ತಿಕ್ಕಿದೆ. ತಿಕ್ಕಿದಂತೆ ಕೋಟಿನ ಗುಂಡಿಗಳ ಸುತ್ತಲಿನ ನೆರಳು ಆಳವಾಗುತ್ತಾ, ಚಿತ್ರ ಕಾಗದದ ಮೇಲಿನಿಂದ ಕಾಗದದ ಒಳಕ್ಕೆ ಇಳಿಯುತ್ತಿದ್ದದ್ದನ್ನು ನಾನು ನೋಡಿದೆ. ಆಮೇಲೆ ಅಂಚು ಕತ್ತರಿಸಿ, ಅಮ್ಮ ಹಬ್ಬಕ್ಕೆ ತೋರಣದ ಕಾಗದ ಅಂಟಿಸಲು ಕುದಿಸುತ್ತಿದ್ದ ಮೈದಾ ಅಂಟಿನಲ್ಲೇ, ಅದನ್ನು ತೆಳುವಾಗಿ ಹಿಂಬದಿಗೆ ಹಚ್ಚಿ, ರಟ್ಟಿಗೆ ಕೂರಿಸಿ, ಪುಸ್ತಕಗಳ ಭಾರದಡಿ ರಾತ್ರಿ ಇಟ್ಟೆ. ಮೂಲ ಚಿತ್ರವನ್ನೂ ಆ ಕಾಲದಲ್ಲಿ ಇಂತಹದೇ ಗಂಜಿಯಲ್ಲಿ ಅಂಟಿಸುತ್ತಿದ್ದರೆಂದು ಓದಿದ್ದೇನೆ.

ಉಳಿದ ಕೊರತೆಗಳನ್ನೂ ಹೇಳಬೇಕು. ಮಸೂರದಡಿ ಇಟ್ಟರೆ ಕೆನ್ನೆಯ ತೆಳು ಛಾಯೆಯಲ್ಲಿ ಶಾಯಿಯ ಚುಕ್ಕೆಗಳು ಕಾಣುತ್ತವೆ, ಮೂಲದಲ್ಲಿ ಎಲ್ಲಿಯೂ ಚುಕ್ಕೆಯಿಲ್ಲ. ಓರೆಯಾಗಿ ಹಿಡಿದಾಗ ಮೊಟ್ಟೆಯ ಪದರ ಕೊಡುವ ಸಮನಾದ ಹೊಳಪು ಮೇಣದಲ್ಲಿ ಬಂದಿಲ್ಲ, ಅಲ್ಲಲ್ಲಿ ತೇಪೆಯಂತಿದೆ. ಮೇಣವನ್ನು ಎರಡನೆಯ ಬಾರಿ ಹಚ್ಚುವ ಮೊದಲು ಎಷ್ಟು ಹೊತ್ತು ಬಿಡಬೇಕೆಂದು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಕಡಲತಡಿ, ಮಂಗಳೂರು

ಮೈಸೂರಿನ ಹವೆಯಲ್ಲಿ ಒಂದು ರಾತ್ರಿ ಸಾಕು, ನಮ್ಮಲ್ಲಾದರೆ ಎರಡು ದಿನ ಬಿಡುತ್ತೇನೆ. ಎರಡನೆಯ ಸಲ ಮೊದಲಿನ ಅರ್ಧದಷ್ಟೇ ಮೇಣ ತೆಗೆದುಕೊಳ್ಳಿ, ಮತ್ತು ತಿಕ್ಕುವ ಬಟ್ಟೆಯನ್ನು ಬದಲಾಯಿಸಿ. ತೇಪೆ ಬರುವುದು ಹೆಚ್ಚಾಗಿ ಹಳೆಯ ಬಟ್ಟೆಯಲ್ಲಿ ಉಳಿದ ಗಟ್ಟಿಯಾದ ಮೇಣದಿಂದ.

ಹಳೆಚೌಕಟ್ಟು, ಮೈಸೂರು

ಹಾಗೆಯೇ ಮಾಡಿದೆ, ಹೊಳಪು ಬಹುಮಟ್ಟಿಗೆ ಸಮನಾಯಿತು. ಹಿಂಬದಿಯಲ್ಲಿ ಇಂಕ್‌ಜೆಟ್ ಮುದ್ರಣವೆಂದೂ ವರ್ಷವನ್ನೂ ಬರೆದಿದ್ದೇನೆ. ಮೂಲ ಚಿತ್ರವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಗೋಡೆಯ ಮೇಲೆ ಹೊಸದನ್ನು ತೂಗುಹಾಕಿದ್ದೇವೆ. ಎಂಬತ್ತೆರಡು ವರ್ಷದ ನಮ್ಮ ದೊಡ್ಡಪ್ಪ ಅದರೆದುರು ಬಹಳ ಹೊತ್ತು ನಿಂತು, ಅಜ್ಜನ ಕೋಟು ಇಷ್ಟು ಕಪ್ಪಗಿತ್ತೇ ಎಂದು ಕೇಳಿದರು.